ಆಪ್ತಸಲಹೆ ಪ್ರಕರಣ: ಶೀಟಿನಲ್ಲಿದ್ದ ಎರಡು ಹಳದಿ ಸಾಲು

ಕಂಪ್ಯೂಟರ್ ಸೈನ್ಸ್ ಮುಗಿಸಿ ಮನೆಯಲ್ಲಿ ಕೂತ ಮಕ್ಕಳು ನನ್ನ ಹತ್ತಿರ ಬರುವುದು ಈಗ ಮಾಮೂಲಿಯಾಗಿದೆ. ಮೊದಲೆಲ್ಲ ಈ ವಯಸ್ಸಿನವರು ತರುತ್ತಿದ್ದದ್ದು ಬೇರೆ. ಬ್ಯಾಕ್‌ಲಾಗ್ ಉಳಿದಿದೆ, ಪ್ರೀತಿಸಿದ ಹುಡುಗಿ ಮಾತು ಬಿಟ್ಟಿದ್ದಾಳೆ, ಮನೆಯಲ್ಲಿ ಮದುವೆಗೆ ಒತ್ತಾಯ. ಈಗ ಬಂದು ಕುರ್ಚಿಯಲ್ಲಿ ಕೂರುವ ಮೊದಲೇ ಒಂದು ಮಾತು ಹೊರಗೆ ಬರುತ್ತದೆ: "ಎಐ ಬಂತಲ್ಲ ಮೇಡಂ, ಇನ್ನು ನಮಗೆಲ್ಲಿ ಕೆಲಸ?"

ಈ ಮಾತಿಗೆ ಏನು ಉತ್ತರ ಕೊಡಬೇಕು ಅಂತ ಪೋಷಕರೂ ಕೇಳುತ್ತಾರೆ, ಕಾಲೇಜಿನ ಮೇಷ್ಟ್ರುಗಳೂ ಕೇಳುತ್ತಾರೆ. ಅದಕ್ಕೇ ಈ ಒಂದು ಪ್ರಕರಣ ಬರೆಯುತ್ತಿದ್ದೇನೆ. ಹುಡುಗನನ್ನು ಕಿರಣ್ ಅಂತ ಕರೆಯೋಣ. ಹೆಸರು, ಊರು, ಮನೆಯ ಕೆಲವು ವಿವರ ಬದಲಾಯಿಸಿದ್ದೇನೆ. ಬರೆಯಲು ಅವನೂ ಅವನ ತಂದೆಯೂ ಒಪ್ಪಿದ್ದಾರೆ.

ಕಿರಣ್‌ಗೆ 22 ವರ್ಷ. ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಊರಿನವನು. ತಂದೆಗೆ ಒಂದು ಸ್ವಂತ ಲಾರಿ ಇದೆ, ಅವರೇ ಓಡಿಸುತ್ತಾರೆ. ತಾಯಿ ಮನೆ ನೋಡಿಕೊಳ್ಳುತ್ತಾರೆ. 2021ರಲ್ಲಿ ಮ್ಯಾನೇಜ್‌ಮೆಂಟ್ ಸೀಟು ಕೊಡಿಸಿ ಎಂಜಿನಿಯರಿಂಗ್‌ನ ಸಿಎಸ್ (ಕಂಪ್ಯೂಟರ್ ಸೈನ್ಸ್) ಶಾಖೆಗೆ ಸೇರಿಸಿದರು. ಸ್ವಲ್ಪ ಬ್ಯಾಂಕಿನ ಸಾಲ, ಸ್ವಲ್ಪ ಒಡವೆ. ಆಗ ಯಾರನ್ನು ಕೇಳಿದ್ದರೂ ಅದನ್ನೇ ಮಾಡಿ ಅನ್ನುತ್ತಿದ್ದರು. 2021–22ರ ಆರ್ಥಿಕ ವರ್ಷದಲ್ಲಿ ಟಿಸಿಎಸ್ ಒಂದೇ 1 ಲಕ್ಷ ಫ್ರೆಶರ್‌ಗಳನ್ನು ತೆಗೆದುಕೊಂಡಿತ್ತು. ಇನ್ಫೋಸಿಸ್ 85 ಸಾವಿರ. ಊರಿಗೊಬ್ಬ ಹುಡುಗ ಲ್ಯಾಪ್‌ಟಾಪ್ ಇಟ್ಟುಕೊಂಡು ಮನೆಯಿಂದಲೇ ಕೆಲಸ ಮಾಡುತ್ತಿದ್ದ ಕಾಲ. ಕಿರಣ್ ಸೀಟು ಹಿಡಿದದ್ದು ಆ ಹಬ್ಬದ ನಡುವೆ. 2025ರಲ್ಲಿ ಡಿಗ್ರಿ ಮುಗಿಯುವ ಹೊತ್ತಿಗೆ ಕ್ಯಾಂಪಸ್‌ಗೆ ಬರುವ ಕಂಪನಿಗಳೇ ಕಡಿಮೆಯಾಗಿದ್ದವು.

ಕರೆದುಕೊಂಡು ಬಂದದ್ದು ತಾಯಿ. "ಯಾವಾಗ ನೋಡಿದ್ರೂ ಲ್ಯಾಪ್‌ಟಾಪ್ ಮುಂದೇನೆ ಇರ್ತಾನ್ರಿ ಮೇಡಂ. ಊಟಕ್ಕೆ ಬಾ ಅಂದ್ರೆ ಬೆಚ್ಚಿ ಬೀಳ್ತಾನೆ" ಅಂದರು.

ಮೊದಲ ಎರಡು ಭೇಟಿಯಲ್ಲಿ ವಿಶೇಷವೇನೂ ನಡೆಯಲಿಲ್ಲ. ಬೆಳಗಿನ ಜಾವದವರೆಗೆ ಎಚ್ಚರ, ಮಧ್ಯಾಹ್ನ ಏಳುವುದು. ಊಟ ಅರ್ಧಂಬರ್ಧ. ಚಿಕ್ಕಪ್ಪನ ಮಗಳ ಮದುವೆಗೆ ಹೋಗಿಲ್ಲ, ಯಾಕಂದ್ರೆ ಅಲ್ಲಿ ಎಲ್ಲರೂ "ಎಲ್ಲಿ ಕೆಲಸ?" ಅಂತ ಕೇಳುತ್ತಾರೆ. ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿಯೇ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತೆ ಅಂತ ಹಲವು ಪೋಷಕರು ನನ್ನ ಮೇಲೆ ಸಿಟ್ಟಾಗುತ್ತಾರೆ. ಹಾಗಾಗುವುದಿಲ್ಲ. ಕೇಳಿದರೆ ಎದೆಯ ಭಾರ ಇಳಿಯುತ್ತದೆ, ನಮಗೂ ಎಲ್ಲಿ ನಿಂತಿದ್ದೇವೆ ಅಂತ ಗೊತ್ತಾಗುತ್ತದೆ. "ಸಾಯೋ ಯೋಚನೆ ಇಲ್ಲ ಮೇಡಂ, ಬೆಳಗಾಗೋದೇ ಬೇಡ ಅನ್ಸುತ್ತೆ ಅಷ್ಟೆ" ಅಂದ. ಅದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಅವನ ಫೋನಿನಲ್ಲಿ ಸೇವ್ ಮಾಡಿಸಿದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ತಾಯಿಗೂ ಹೇಳಿ ಕಳಿಸಿದೆ.

ಆ ಎರಡೂ ದಿನ ಅವನು ಎಐ ಬಗ್ಗೆ ಮಾತಾಡಿದ್ದೇ ಮಾತಾಡಿದ್ದು. ಯಾವ ಕಂಪನಿ ಎಷ್ಟು ಜನರನ್ನು ತೆಗೆಯಿತು, ಯಾರು ಯಾವ ಸಂದರ್ಶನದಲ್ಲಿ ಏನು ಹೇಳಿದರು, ಎಲ್ಲ ಬಾಯಿಪಾಠ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಕೇಳುತ್ತಾ ಕೇಳುತ್ತಾ ನನಗೆ ಒಂದು ಅನ್ನಿಸಿತು. ಈ ಹುಡುಗ ಇಡೀ ಪ್ರಪಂಚದ ಸುದ್ದಿ ಹೇಳುತ್ತಿದ್ದಾನೆ, ತನ್ನ ಸುದ್ದಿ ಒಂದೂ ಹೇಳುತ್ತಿಲ್ಲ.

ಮೂರನೇ ಭೇಟಿಗೆ ಲ್ಯಾಪ್‌ಟಾಪ್ ತಾ ಅಂದೆ. "ನೀನು ದಿನವಿಡೀ ಏನು ಮಾಡ್ತೀಯೋ ಅದನ್ನ ತೋರಿಸು, ಸಾಕು."

ಅವನು ಒಂದು ಶೀಟ್ ತೆರೆದ. ಅಚ್ಚುಕಟ್ಟಾಗಿತ್ತು, ಅದಂತೂ ನಿಜ. ಕಂಪನಿ ಹೆಸರು, ಹುದ್ದೆ, ಲಿಂಕ್, ಅರ್ಜಿ ಹಾಕಿದ ದಿನ ಮತ್ತು ಸಮಯ, ಸ್ಟೇಟಸ್. ಮುನ್ನೂರಕ್ಕೂ ಹೆಚ್ಚು ಸಾಲು. ತಿರಸ್ಕಾರವಾದದ್ದಕ್ಕೆ ಕೆಂಪು, ಉತ್ತರವೇ ಬಾರದ್ದಕ್ಕೆ ಬೂದು. ಪುಟ ಇಳಿಸಿದಷ್ಟೂ ಬೂದು. ಒಂದು ಕೆಂಪು ಸಾಲು ತೋರಿಸಿದ. ರಾತ್ರಿ 2:10ಕ್ಕೆ ಅರ್ಜಿ ಹಾಕಿದ್ದಾನೆ, 2:14ಕ್ಕೆ "ಕ್ಷಮಿಸಿ" ಅಂತ ಮೇಲ್ ಬಂದಿದೆ.

"ಇದನ್ನ ಮನುಷ್ಯ ಓದೇ ಇಲ್ಲ ಮೇಡಂ. ನನ್ನ ರೆಸ್ಯೂಮೆ ಬರೆದಿದ್ದೂ ಎಐ, ಓದಿದ್ದೂ ಎಐ" ಅಂದು ನಕ್ಕ. ನಾನೂ ನಕ್ಕೆ. ಅವನು ನನ್ನ ಮುಂದೆ ನಕ್ಕದ್ದು ಅದೇ ಮೊದಲು.

ಪುಟ ಇಳಿಯುತ್ತಾ ಹೋಗುವಾಗ ಒಂದು ಹಳದಿ ಸಾಲು ಕಂಡಿತು. ಇನ್ನೂ ಸ್ವಲ್ಪ ಕೆಳಗೆ ಇನ್ನೊಂದು.

"ಹಳದಿ ಏನು?"

"ಅದು… ಪೆಂಡಿಂಗ್."

"ಮೂರು ತಿಂಗಳ ಹಿಂದಿನ ತಾರೀಖು ಇದೆಯಲ್ಲ?"

ಅವನು ಮಾತಾಡಲಿಲ್ಲ. ಇಂಥ ಹೊತ್ತಿನಲ್ಲಿ ನಾನು ಬೇರೆ ಪ್ರಶ್ನೆ ಹಾಕುವುದಿಲ್ಲ. ಹೊರಗೆ ಯಾರೋ ಬೈಕ್ ಸ್ಟಾರ್ಟ್ ಮಾಡಲು ಒದ್ದಾಡುತ್ತಿದ್ದರು, ಅದನ್ನೇ ಕೇಳಿಸಿಕೊಂಡು ಕೂತಿದ್ದೆವು.

"ಕರೆದಿದ್ರು ಮೇಡಂ" ಅಂದ ಆಮೇಲೆ. "ಎರಡು ಕಡೆಯಿಂದ ಇಂಟರ್‌ವ್ಯೂ ಲಿಂಕ್ ಬಂದಿತ್ತು. ಮೊದಲನೇದಕ್ಕೆ ಶರ್ಟ್ ಹಾಕ್ಕೊಂಡು, ತಲೆ ಬಾಚ್ಕೊಂಡು, ಅರ್ಧ ಗಂಟೆ ಮೊದಲೇ ಕೂತಿದ್ದೆ. ಜಾಯಿನ್ ಅಂತ ಬಟನ್ ಇರುತ್ತಲ್ಲ, ಅದನ್ನ ಒತ್ತಲಿಲ್ಲ. ಎರಡನೇ ಸಲಾನೂ ಒತ್ತಲಿಲ್ಲ."

"ಯಾಕೆ ಒತ್ತಲಿಲ್ಲ?"

"ರೆಸ್ಯೂಮೆಯಲ್ಲಿ ಇರೋದು ಕೇಳ್ತಾರಲ್ಲ."

ಮನೆಯಲ್ಲಿ ಒಂದು ಕರೆಯೂ ಬಂದಿಲ್ಲ ಅಂತ ಹೇಳಿದ್ದ. ನನಗೂ ಹಾಗೇ ಹೇಳಿದ್ದ.

ರೆಸ್ಯೂಮೆ ತೆಗೆಸಿದೆ. ಮೇಲೆಯೇ ದೊಡ್ಡದಾಗಿ ಫೈನಲ್ ಇಯರ್ ಪ್ರಾಜೆಕ್ಟ್ ಇತ್ತು: ಎಲೆಯ ಫೋಟೊ ನೋಡಿ ಅಡಿಕೆಯ ರೋಗ ಪತ್ತೆ ಹಚ್ಚುವುದು, ನಿಖರತೆ ಶೇ 97. ನನಗೆ ಕೋಡಿಂಗ್ ಗೊತ್ತಿಲ್ಲ. ಆ ದಿನ ಅದು ಅನುಕೂಲವೇ ಆಯಿತು. ಗೊತ್ತಿಲ್ಲದವಳು ಕೇಳುವ ಪ್ರಶ್ನೆಯನ್ನೇ ಕೇಳಿದೆ: "ಎಲೆ ಯಾರ ತೋಟದ್ದು?"

"ತೋಟಕ್ಕೆ ಹೋಗಿಲ್ಲ ಮೇಡಂ. ಫೋಟೊ ಡೌನ್‌ಲೋಡ್ ಮಾಡಿದ್ದು."

ಅವನ ಊರಿನ ಸುತ್ತ ಇರುವುದೇ ಅಡಿಕೆ ತೋಟ. ಇಬ್ಬರಿಗೂ ಅದು ಹೊಳೆಯಿತು, ಇಬ್ಬರೂ ಹೇಳಲಿಲ್ಲ. ಪ್ರಾಜೆಕ್ಟು ನಾಲ್ಕು ಜನ ಸೇರಿ ಬೆಂಗಳೂರಿನ ಒಂದು ಅಂಗಡಿಯಲ್ಲಿ ಕೊಂಡದ್ದಂತೆ. ರಿಪೋರ್ಟು, ಪಿಪಿಟಿ, ವೈವಾದಲ್ಲಿ ಹೇಳಬೇಕಾದ ಪ್ರಶ್ನೋತ್ತರ ಎಲ್ಲ ಒಂದೇ ಪ್ಯಾಕೇಜಿನಲ್ಲಿ. ಇದು ಎಐಗಿಂತ ಬಹಳ ಹಳೆಯ ದಂಧೆ, ಗೊತ್ತಿರುವವರಿಗೆ ಗೊತ್ತೇ ಇದೆ.

ಆಮೇಲೆ ಅವನು ನಿಧಾನವಾಗಿ ಹೇಳತೊಡಗಿದ. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ 30ಕ್ಕೆ. ಅವನ ಬ್ಯಾಚಿಗೆ ಅದು ಮೂರನೇ ಸೆಮ್ ಹೊತ್ತು. ಮೂರನೇ ಸೆಮ್‌ನಲ್ಲೇ ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್ ಇರುವುದು. ನಿಜವಾದ ಪ್ರೋಗ್ರಾಮಿಂಗ್ ಶುರುವಾಗುವ ಜಾಗದಲ್ಲಿ, ನಿಜವಾಗಿ ತಲೆ ಕೆಡುವ ಜಾಗದಲ್ಲಿ, ಅದು ಬಂದು ಕೂತಿತು. "ಮೊದ್ಲು ಒಂದೇ ಒಂದು ಪ್ರೋಗ್ರಾಂಗೆ ಕೇಳ್ದೆ. ಎರ್ರರ್ ಬರ್ತಿತ್ತು, ರಾತ್ರಿ ಆಗಿತ್ತು. ಒಂದು ನಿಮಿಷದಲ್ಲಿ ಸರಿ ಮಾಡಿ ಕೊಡ್ತು. ಅಲ್ಲಿಂದ ಆಚೆಗೆ ನಾನೇ ಬರೆದ ಪ್ರೋಗ್ರಾಂ ಒಂದೂ ಇಲ್ಲ ಮೇಡಂ. ಮಾರ್ಕ್ಸ್ ಇದೆ. ಯಾರಿಗೂ ಹೇಳಿಲ್ಲ ಇದನ್ನ. ಕೆಲಸ ಸಿಗಲ್ಲ ಅನ್ನೋದು ಇರಲಿ, ಸಿಕ್ಕಿಬಿಟ್ರೆ ಏನ್ ಮಾಡೋದು?"

ಈ ಕೊನೆಯ ಮಾತಿಗಾಗಿಯೇ ನಾನು ಈ ಪ್ರಕರಣ ಬರೆಯುತ್ತಿರುವುದು. ಕೆಲಸ ಸಿಕ್ಕಿಬಿಟ್ಟರೆ ಏನು ಮಾಡೋದು. ಹೊರಗೆ ನೋಡಿದರೆ ನಿರುದ್ಯೋಗದ ದುಃಖ. ಒಳಗೆ ಇದ್ದದ್ದು ಸಿಕ್ಕಿಬೀಳುವ ಭಯ. ಎಐ ಕೆಲಸ ಕಿತ್ತುಕೊಂಡಿತು ಅನ್ನುವ ದೊಡ್ಡ ಸುದ್ದಿ ಈ ಭಯಕ್ಕೆ ಒಳ್ಳೆಯ ಹೊದಿಕೆಯಾಗಿತ್ತು. ಯಾರೂ ಅದನ್ನು ಎತ್ತಿ ನೋಡುವುದಿಲ್ಲ, ಯಾಕಂದ್ರೆ ಸುದ್ದಿ ನಿಜ.

ಆಗ ಕೇಳಿದೆ: "ಸರಿ, ನೀನೇ ಕೈಯಾರೆ ಬರೆದ ಕೊನೆಯ ಪ್ರೋಗ್ರಾಂ ಯಾವುದು?"

ತುಂಬಾ ಹೊತ್ತು ಯೋಚಿಸಿದ. "ಕರೆಂಟ್ ಬಿಲ್‌ದು. ಫಸ್ಟ್ ಇಯರ್ ಸಿ ಲ್ಯಾಬ್."

ಕಾಗದ ಪೆನ್ನು ಕೊಟ್ಟು ಹೇಳು ಅಂದೆ. ಶುರು ಮಾಡಿದ. ಮೊದಲ 200 ಯೂನಿಟ್‌ಗೆ ಯೂನಿಟ್ಟಿಗೆ 80 ಪೈಸೆ, ಮುಂದಿನ 100ಕ್ಕೆ 90 ಪೈಸೆ, 300 ದಾಟಿದರೆ 1 ರೂಪಾಯಿ. ಮೀಟರ್ ಚಾರ್ಜ್ 100 ರೂಪಾಯಿ ಎಲ್ಲರಿಗೂ. ಬಿಲ್ಲು 400 ದಾಟಿದರೆ ಶೇ 15 ಸರ್‌ಚಾರ್ಜ್. ನಾಲ್ಕು ವರ್ಷ ಹಿಂದಿನದು, ಒಂದು ಅಂಕಿಯೂ ಮರೆತಿರಲಿಲ್ಲ.

"201 ಯೂನಿಟ್ ಉರಿಸಿದ್ರೆ?" ಅಂದೆ, ಸುಮ್ನೆ.

"ಅದೇ ಮೇಡಂ! ಅಲ್ಲೇ ಎಲ್ರೂ ತಪ್ಪು ಮಾಡೋದು. 201ಕ್ಕೂ 90 ಪೈಸೆ ಹಾಕಿಬಿಡ್ತಾರೆ. ಮೊದಲ 200ಕ್ಕೆ ಹಳೇ ರೇಟೇ, ಆ ಒಂದಕ್ಕೆ ಮಾತ್ರ 90. ನಾನೂ ಮೊದ್ಲು ತಪ್ಪೇ ಮಾಡಿದ್ದೆ. ನಮ್ ಲ್ಯಾಬ್ ಸರ್ ಪಕ್ಕ ಬಂದು ನಿಂತು, ನಿಮ್ಮನೆಗೆ ಹಿಂಗೆ ಬಿಲ್ ಬಂದ್ರೆ ಸುಮ್ನೆ ಕಟ್ತೀಯೇನೋ ಅಂದ್ರು. ಆಗ ಹೊಳೀತು." ದನಿಯೇ ಬದಲಾಗಿತ್ತು. ಕುರ್ಚಿಯಿಂದ ಮುಂದಕ್ಕೆ ಬಂದು ಕೂತಿದ್ದ.

ನಾನು ಕೊಟ್ಟ ಸಲಹೆಯೆಲ್ಲ ಆ ಕಾಗದದಿಂದ ಹುಟ್ಟಿದ್ದು. ಅವನಿಗೆ ಬುದ್ಧಿ ಕಡಿಮೆ ಇರಲಿಲ್ಲ. ಅವನ ತಪ್ಪನ್ನು ಪಕ್ಕದಲ್ಲಿ ನಿಂತು ತಿದ್ದಿದ ಮನುಷ್ಯ ಒಬ್ಬರಿದ್ದಾಗ ಅವನು ಕಲಿತ. ಆ ಮನುಷ್ಯನ ಜಾಗಕ್ಕೆ ತಪ್ಪೇ ಮಾಡಲು ಬಿಡದ ಒಂದು ಯಂತ್ರ ಬಂದಾಗ ಕಲಿಯುವುದು ನಿಂತಿತು. ಹಾಗಾಗಿ ಅವನಿಗೆ ಬೇಕಾದದ್ದು ಇನ್ನೊಂದು ಆನ್‌ಲೈನ್ ಕೋರ್ಸ್ ಅಲ್ಲ. ಸರ್ಟಿಫಿಕೇಟು ಅವನ ಹತ್ತಿರ ಆಗಲೇ ಹನ್ನೊಂದು ಇದ್ದವು.

ಹೇಳಿದ್ದು ಹೀಗೆ. ರೆಸ್ಯೂಮೆಯಲ್ಲಿ ಬಾಯಿಬಿಟ್ಟು ವಿವರಿಸಲು ಬಾರದ್ದನ್ನೆಲ್ಲ ಇವತ್ತೇ ತೆಗಿ. ಅಡಿಕೆ ರೋಗವೂ ಹೋಗಲಿ. ಎರಡು ಪುಟ ಇದ್ದದ್ದು ಅರ್ಧ ಪುಟ ಆದರೆ ಆಗಲಿ. ದಿನಾ ಬೆಳಗ್ಗೆ ಎದ್ದು, ನೆಟ್ ಆಫ್ ಮಾಡಿ, ಮೂರನೇ ಸೆಮ್‌ನ ಲ್ಯಾಬ್ ಮ್ಯಾನ್ಯುಯಲ್‌ನಲ್ಲಿರುವ ಪ್ರೋಗ್ರಾಂಗಳನ್ನು ಮೊದಲಿನಿಂದ ಬರಿ. ಎರ್ರರ್ ಬರಲಿ. ಎರ್ರರ್ ಜೊತೆ ಒಂದು ಗಂಟೆ ಕೂತು ನೋಡು. ಆ ಗಂಟೆ ಮುಗಿದ ಮೇಲೆ ಎಐ ಹತ್ತಿರ ಹೋಗು, ಆದರೆ ಉತ್ತರ ಕೇಳಬೇಡ, ನನ್ನ ಕೋಡಿನಲ್ಲಿ ಎಲ್ಲಿ ಎಡವಿದ್ದೇನೆ ಅಂತ ಕೇಳು. ಎಐ ಮುಟ್ಟಲೇಬೇಡ ಅಂತ ನಾನು ಹೇಳಲಿಲ್ಲ. ಇವತ್ತು ಬಹಳಷ್ಟು ಕಂಪನಿಗಳು ಅದನ್ನಿಟ್ಟುಕೊಂಡೇ ಕೆಲಸ ಮಾಡಿಸುತ್ತವೆ. ಅದು ಬರೆದು ಕೊಟ್ಟದ್ದರಲ್ಲಿ 201ನೇ ಯೂನಿಟ್ಟಿನ ತಪ್ಪು ಕಂಡುಹಿಡಿಯಬಲ್ಲವನಿಗೆ ಕೆಲಸ ಇದೆ. ಕಂಡುಹಿಡಿಯಲಾರದವನು ಇಲ್ಲಿ ಏನು ಮಾಡುತ್ತಾನೆ ಅಂತ ಮ್ಯಾನೇಜರ್ ಕೇಳುತ್ತಾನೆ, ನ್ಯಾಯವಾಗಿಯೇ ಕೇಳುತ್ತಾನೆ.

ಇನ್ನೊಂದು ಸಲಹೆ ಎಲ್ಲರಿಗೂ ಕಹಿಯಾದದ್ದು. ರಾತ್ರಿ ಕೂತು ಅರ್ಜಿ ಹಾಕುವುದನ್ನು ಪೂರ್ತಿ ನಿಲ್ಲಿಸು. ಸಣ್ಣ ಊರುಗಳಲ್ಲಿ, ಹತ್ತು ಹದಿನೈದು ಜನ ಇರುವ ಸಾಫ್ಟ್‌ವೇರ್ ಆಫೀಸುಗಳಿವೆ. ಆಸ್ಪತ್ರೆ ಬಿಲ್ಲಿಂಗ್, ಸೊಸೈಟಿ ಲೆಕ್ಕ, ಶಾಲೆಯ ಫೀಸು, ಇಂಥ ಕೆಲಸ ಮಾಡುವವರು. ಖುದ್ದಾಗಿ ಹೋಗಿ ಕೇಳು. ಟೆಸ್ಟಿಂಗ್ ಕೊಟ್ಟರೂ ಸರಿ, ಗ್ರಾಹಕರ ಫೋನ್ ಎತ್ತುವ ಸಪೋರ್ಟ್ ಕೆಲಸ ಆದರೂ ಸರಿ. ಸಂಬಳ ಎಷ್ಟು ಅಂತ ಮೊದಲು ಕೇಳಬೇಡ. ನನ್ನ ಕೆಲಸ ಯಾರು ನೋಡ್ತಾರೆ ಅಂತ ಕೇಳು.

ಮತ್ತೆ ಮನೆಯಲ್ಲಿ ಹಳದಿ ಸಾಲಿನ ವಿಷಯ ಹೇಳಬೇಕು. ಇದಕ್ಕೆ ಒಪ್ಪಲು ಅವನು ತುಂಬಾ ದಿನ ತೆಗೆದುಕೊಂಡ. ಕೊನೆಗೆ ತಂದೆಯನ್ನು ನನ್ನ ಹತ್ತಿರವೇ ಕರೆತಂದ.

ತಂದೆ ಬಂದದ್ದು ಒಂದು ಪ್ಲಾನ್ ಇಟ್ಟುಕೊಂಡು. ಬೆಂಗಳೂರಿನಲ್ಲಿ ಯಾರೋ ಒಬ್ಬ ಕನ್ಸಲ್ಟೆನ್ಸಿಯವನು ಸಿಕ್ಕಿದ್ದ. ಮೂರು ಲಕ್ಷ ಕೊಟ್ಟರೆ ಎರಡು ವರ್ಷದ ಎಕ್ಸ್‌ಪೀರಿಯೆನ್ಸ್ ಲೆಟರ್, ಸಂಬಳದ ಚೀಟಿ, ಇಂಟರ್‌ವ್ಯೂ ಅಟೆಂಡ್ ಮಾಡಲು ಬೇರೆ ಮನುಷ್ಯ, ಎಲ್ಲ ಅವನದೇ ಜವಾಬ್ದಾರಿಯಂತೆ. ಲಾರಿ ಮೇಲೆ ಸಾಲ ತೆಗೆಯಲು ಇವರು ತಯಾರಾಗಿದ್ದರು.

ಇಲ್ಲಿ ನಾನು ಆಪ್ತಸಲಹೆಗಾರಳ ಹಾಗೆ ಮೆತ್ತಗೆ ಮಾತಾಡಲಿಲ್ಲ. ಬೇಡ ಅಂದೆ. ಪಿಎಫ್‌ಗೆ ಯುಎಎನ್ ಅಂತ ಒಂದೇ ನಂಬರ್ ಇರುತ್ತದೆ, ಎಲ್ಲಿ ಎಷ್ಟು ದಿನ ಕೆಲಸ ಮಾಡಿದ್ದು ಅಂತ ಅದರಲ್ಲಿ ಕಾಣುತ್ತದೆ. ಸೇರಿಸಿಕೊಳ್ಳುವ ಕಂಪನಿಗಳು ಈ ದಾಖಲೆ ಕೇಳುತ್ತವೆ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ, ಹೆಸರೂ ಕೆಡುತ್ತದೆ, ದುಡ್ಡು ವಾಪಸ್ ಬರುವುದಿಲ್ಲ. ಇದು ಕಾನೂನಿನ ಮಾತು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಬೇರೆ. ಸಿಕ್ಕಿಬೀಳುವ ಭಯದಲ್ಲಿ ಜಾಯಿನ್ ಬಟನ್ ಒತ್ತದ ಹುಡುಗನಿಗೆ, ಜೀವನವಿಡೀ ಸಿಕ್ಕಿಬೀಳುವ ಭಯವನ್ನು ಮೂರು ಲಕ್ಷ ಕೊಟ್ಟು ಕೊಳ್ಳುವುದೇ?

ಕಿರಣ್ ಆಗ ತಾನೇ ಹೇಳಿದ. ಇಂಟರ್‌ವ್ಯೂ ತಪ್ಪಿಸಿದ್ದು, ಪ್ರಾಜೆಕ್ಟ್ ಕೊಂಡದ್ದು, ಲ್ಯಾಬ್ ವಿಷಯ. ತಂದೆ ನೆಲ ನೋಡುತ್ತಾ ಕೂತರು. "ಹಂಗಾದ್ರೆ ನಾಲ್ಕು ವರ್ಷ ಏನ್ ಓದ್ದೋ?" ಅಂದರು. ಸಿಟ್ಟಿಗಿಂತ ಸುಸ್ತೇ ಜಾಸ್ತಿ ಇತ್ತು ಆ ಮಾತಿನಲ್ಲಿ. ಅವನು ಅತ್ತ. ತಡೆಯಲಿಲ್ಲ ನಾನು.

ಸಣ್ಣ ಆಫೀಸಿನ ಸಲಹೆ ಹೇಳಿದಾಗ ತಂದೆ ಕೇಳಿದರು, "ಎಷ್ಟು ಕೊಡ್ತಾರ್ರಿ ಅಲ್ಲಿ?" ಹತ್ತು ಹನ್ನೆರಡು ಸಾವಿರ ಅಂದೆ. "ನಮ್ ಲಾರಿಗೆ ಲೋಡ್ ಹತ್ತಿಸೋ ಹಮಾಲ್ರು ಅದಕ್ಕಿಂತ ಜಾಸ್ತಿ ದುಡೀತಾರೆ" ಅಂದರು. ನಿಜವೇ. ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರೇ ಮಾತಾಡಿದರು: "ನಾನೂ ಎರಡು ವರ್ಷ ಕ್ಲೀನರ್ ಆಗೇ ಇದ್ದೆ ಬಿಡ್ರಿ. ಊಟ, ದಿನದ ಬಾಟಾ ಅಷ್ಟೇ. ಡ್ರೈವರ್ ಪಕ್ಕ ಕೂತು ಘಾಟಿ ಇಳಿಸೋದು ನೋಡಿದ ಮ್ಯಾಲೇನೆ ಸ್ಟೀರಿಂಗ್ ಕೊಟ್ಟಿದ್ದು." ನಾನು ಅಷ್ಟು ಹೊತ್ತು ಹೇಳಲು ಒದ್ದಾಡುತ್ತಿದ್ದದ್ದನ್ನು ಅವರು ಎರಡು ಮಾತಿನಲ್ಲಿ ಮುಗಿಸಿದರು.

ಸಾಲದ ವಿಷಯವೂ ಬಂತು. ಶಿಕ್ಷಣ ಸಾಲಕ್ಕೆ ಕೋರ್ಸ್ ಮುಗಿದ ಮೇಲೆ ಸಾಮಾನ್ಯವಾಗಿ ಒಂದು ವರ್ಷ ಬಿಡುವು ಇರುತ್ತದೆ. ಅದು ಮುಗಿದು, ಕಂತು ತಪ್ಪಿ, ನೋಟಿಸ್ ಬಂದ ಮೇಲೆ ಬ್ಯಾಂಕಿಗೆ ಓಡುವವರೇ ಜಾಸ್ತಿ. ಮೊದಲ ಕಂತಿನ ದಿನಕ್ಕೆ ಮುಂಚೆಯೇ ಹೋಗಿ, ಮಗನನ್ನೂ ಕರೆದುಕೊಂಡು ಹೋಗಿ, ಇನ್ನೂ ಕೆಲಸ ಆಗಿಲ್ಲ, ಅವಧಿ ಹೆಚ್ಚಿಸಿ ಕಂತು ಕಡಿಮೆ ಮಾಡಲು ಆಗುತ್ತಾ ಅಂತ ಲಿಖಿತವಾಗಿ ಕೇಳಿ ಅಂದೆ.

ಈ ಪ್ರಕರಣವನ್ನು ಹೆಸರು ಹೇಳದೆ ನನ್ನದೇ ವೃತ್ತಿಯ ಒಬ್ಬರ ಹತ್ತಿರ ಚರ್ಚೆ ಮಾಡಿದಾಗ ಅವರು ನನ್ನನ್ನು ತರಾಟೆಗೆ ತೆಗೆದುಕೊಂಡರು. "ಮಾರ್ಕೆಟ್ಟೇ ಬಿದ್ದಿದೆ. ನೀವು ಎಲ್ಲ ಹುಡುಗನ ತಲೆ ಮೇಲೆ ಹಾಕ್ತಿದ್ದೀರಿ. ವ್ಯವಸ್ಥೆಯ ತಪ್ಪಿಗೆ ಮಗುವಿಗೆ ಲ್ಯಾಬ್ ಮ್ಯಾನ್ಯುಯಲ್ ಬರೆಸೋದಾ?" ಅಂದರು.

ಮಾರ್ಕೆಟ್ ಬಿದ್ದಿಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ. 2023–24ರಲ್ಲಿ ಟಿಸಿಎಸ್, ಇನ್ಫೋಸಿಸ್, ವಿಪ್ರೊ ಮೂರರಲ್ಲೂ ನೌಕರರ ಸಂಖ್ಯೆ ಇಳಿಯಿತು, ಮೂರೂ ಸೇರಿ 60 ಸಾವಿರಕ್ಕೂ ಹೆಚ್ಚು. ಕೋವಿಡ್ ಕಾಲದಲ್ಲಿ ಅಗತ್ಯಕ್ಕಿಂತ ಜಾಸ್ತಿ ಜನರನ್ನು ತುಂಬಿಕೊಂಡದ್ದು, ಆಮೇಲೆ ಅಮೆರಿಕದ ಗ್ರಾಹಕರು ಖರ್ಚಿನಲ್ಲಿ ಕೈ ಬಿಗಿ ಹಿಡಿದದ್ದು, ಅದರಲ್ಲಿ ಇವುಗಳ ಪಾಲೇ ದೊಡ್ಡದು. ಆಗಿನ್ನೂ ಈ ಕಂಪನಿಗಳ ಒಳಗೆ ಎಐ ಅಷ್ಟಾಗಿ ನುಗ್ಗಿರಲಿಲ್ಲ. 2025ರ ಜುಲೈಯಲ್ಲಿ ಟಿಸಿಎಸ್ ಶೇ 2ರಷ್ಟು, ಅಂದರೆ ಸುಮಾರು 12 ಸಾವಿರ ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಆಗಲೂ ಕಂಪನಿ ಕೊಟ್ಟ ಕಾರಣ ಎಐ ಅಲ್ಲ, ಕೌಶಲ ಹೊಂದುತ್ತಿಲ್ಲ ಅನ್ನುವುದು. ಹಾಗಂತ ಎಐಗೆ ಸಂಬಂಧವೇ ಇಲ್ಲ ಅನ್ನುವುದೂ ತಪ್ಪು. 2025ರ ಆಗಸ್ಟ್‌ನಲ್ಲಿ ಸ್ಟ್ಯಾನ್‌ಫೋರ್ಡ್‌ನ ಸಂಶೋಧಕರು ಅಮೆರಿಕದ ಸಂಬಳದ ದಾಖಲೆಗಳನ್ನಿಟ್ಟು ಒಂದು ಅಧ್ಯಯನ ಹೊರತಂದರು. ಎಐ ಹೆಚ್ಚು ತಟ್ಟುವ ಕೆಲಸಗಳಲ್ಲಿ 22ರಿಂದ 25 ವಯಸ್ಸಿನವರ ಉದ್ಯೋಗ ಉಳಿದವರಿಗೆ ಹೋಲಿಸಿದರೆ ಶೇ 13ರಷ್ಟು ಕುಸಿದಿದೆ. ಅದೇ ಕೆಲಸದಲ್ಲಿರುವ ಅನುಭವಿಗಳಿಗೆ ಹಾಗಾಗಿಲ್ಲ. ನಮ್ಮ ದೇಶದ ಅಂಕಿ ಅಲ್ಲ ಅದು. ಆದರೆ ನಮ್ಮ ಕಂಪನಿಗಳು ಕೆಲಸ ಮಾಡಿಕೊಡುವುದು ಬಹುಪಾಲು ಆ ದೇಶಕ್ಕೇ.

ಆ ಅಂಕಿಯನ್ನು ಸರಿಯಾಗಿ ಓದಿದರೆ ನನ್ನ ಸಲಹೆಯೇ ಗಟ್ಟಿಯಾಗುತ್ತದೆ ಅಂತ ನನ್ನ ನಂಬಿಕೆ. ಹೋದದ್ದು ಮೊದಲ ಮೆಟ್ಟಿಲು. ಮೊದಲು ಏನೂ ಬಾರದವನನ್ನೂ ವರ್ಷಕ್ಕೆ ಮೂರೂವರೆ ಲಕ್ಷ ಕೊಟ್ಟು ಸೇರಿಸಿಕೊಂಡು, ಇನ್ಫೋಸಿಸ್‌ನ ಮೈಸೂರಿನಂಥ ತರಬೇತಿ ಕ್ಯಾಂಪಸ್‌ನಲ್ಲಿ ತಿಂಗಳುಗಟ್ಟಲೆ ಕೂರಿಸಿ ಕಲಿಸುತ್ತಿದ್ದರು. ನಮ್ಮ ಎಷ್ಟೋ ಕಾಲೇಜುಗಳು ಕಲಿಸದೇ ಇದ್ದರೂ ನಡೆಯುತ್ತಿದ್ದದ್ದು ಅದರಿಂದಲೇ. ಈಗ ಆ ಬಾಗಿಲು ಕಿರಿದಾಗಿದೆ. ಇತ್ತ ಸೀಟು ಮಾತ್ರ ಏರುತ್ತಲೇ ಇದೆ. ಒಂದು ಶಾಖೆಗೆ ಇಷ್ಟೇ ಸೀಟು ಅಂತ ಇದ್ದ ಮಿತಿಯನ್ನು ತಾಂತ್ರಿಕ ಕಾಲೇಜುಗಳಿಗೆ ಅನುಮತಿ ಕೊಡುವ ಎಐಸಿಟಿಇ 2024–25ರಿಂದ ಸಡಿಲಿಸಿದ ಮೇಲೆ ಕೇಳುವುದೇ ಬೇಡ. ಇದೆಲ್ಲ ಅನ್ಯಾಯವೇ. ಅನ್ಯಾಯದ ಬಗ್ಗೆ ಬರೆಯೋಣ, ಕೂಗೋಣ. ಆದರೆ ನನ್ನ ಕುರ್ಚಿಯ ಮುಂದೆ ಕೂತ 22ರ ಹುಡುಗನಿಗೆ "ಎಲ್ಲ ವ್ಯವಸ್ಥೆಯ ತಪ್ಪು" ಅಂದು ಕಳಿಸಿದರೆ ಅವನು ಮನೆಗೆ ಹೋಗಿ ಮತ್ತೆ ಆ ಶೀಟ್ ತೆರೆಯುತ್ತಾನೆ. ಅದು ಸಮಾಧಾನ ಅಲ್ಲ, ಕೈ ತೊಳೆದುಕೊಳ್ಳುವುದು.

ಎಲ್ಲರಿಗೂ ಇದೇ ಸಲಹೆ ಅಂತಲೂ ಅಲ್ಲ. ಇದೇ ಸಮಯದಲ್ಲಿ ಒಬ್ಬ ಹುಡುಗಿ ಬರುತ್ತಿದ್ದಳು. ಅವಳಿಗೆ ಕೋಡ್ ಚೆನ್ನಾಗಿ ಬರುತ್ತಿತ್ತು. ಆಫರ್ ಲೆಟರ್ ಕೈಯಲ್ಲಿತ್ತು, ಸೇರುವ ದಿನ ಮಾತ್ರ ಮುಂದೆ ಹೋಗುತ್ತಲೇ ಇತ್ತು. ಅವಳಿಗೆ ನಾನು ಹೇಳಿದ್ದು ಕಾಯಬೇಡ, ಬೇರೆ ಕಡೆ ನೋಡು ಅಂತ ಅಷ್ಟೇ. ಅವಳಲ್ಲಿ ತಿದ್ದಬೇಕಾದದ್ದು ಏನೂ ಇರಲಿಲ್ಲ. ಇಬ್ಬರೂ ಹೇಳಿದ್ದು ಮಾತ್ರ ಒಂದೇ ವಾಕ್ಯ, ಎಐ ಬಂತು ಕೆಲಸ ಹೋಯ್ತು ಅಂತ. ಅದಕ್ಕೇ ಆ ವಾಕ್ಯ ಕೇಳಿದ ಕೂಡಲೇ ಉಪದೇಶಕ್ಕೆ ಇಳಿಯಬೇಡಿ ಅಂತ ನಾನು ಪೋಷಕರಿಗೆ ಹೇಳುವುದು. ದಿನವಿಡೀ ಏನು ಮಾಡ್ತೀಯ, ತೋರಿಸು ಅನ್ನಿ. ಬೈಯದೆ ನೋಡಿ.

ಕಿರಣ್ ಮುಂದಿನ ಇಂಟರ್‌ವ್ಯೂಗೆ ಹಾಜರಾದ, ಫೇಲ್ ಆದ. ಏನೇನು ಕೇಳಿದರು, ತಾನು ಎಲ್ಲಿ ತಡವರಿಸಿದೆ ಅಂತ ಒಂದು ಪುಟ ಬರೆದುಕೊಂಡು ಬಂದಿದ್ದ. ನನ್ನ ಲೆಕ್ಕದಲ್ಲಿ ಅವನ ಕೇಸು ಅವತ್ತೇ ಮುಗಿಯಿತು. ಈಗ ಹುಬ್ಬಳ್ಳಿಯ ಒಂದು ಸಣ್ಣ ಆಫೀಸಿನಲ್ಲಿ ಆಸ್ಪತ್ರೆಗಳ ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಸಪೋರ್ಟ್ ಕೆಲಸ ಮಾಡುತ್ತಿದ್ದಾನೆ. ಹನ್ನೆರಡು ಸಾವಿರ. ರೂಮ್ ಬಾಡಿಗೆ, ಊಟಕ್ಕೆ ಸರಿಹೋಗುತ್ತದೆ, ಸಾಲದ ಕಂತು ಇನ್ನೂ ತಂದೆಯದೇ. ಸೀನಿಯರ್ ತುಂಬಾ ಬೈಯುತ್ತಾರೆ ಅಂತ ದೂರುತ್ತಾನೆ. ಯಾವುದಕ್ಕೆ ಬೈತಾರೆ ಅಂತ ಕೇಳಿದರೆ ಸಾಲು ಸಾಲಾಗಿ ಹೇಳುತ್ತಾನೆ. ತಂದೆ ಊರಲ್ಲಿ ಕೇಳಿದವರಿಗೆ ಇನ್ನೂ "ಬೆಂಗಳೂರು ಕಂಪನಿ" ಅಂತಲೇ ಹೇಳುತ್ತಾರಂತೆ. ಅದನ್ನು ಬಿಡಿಸಲು ನಾನು ಹೋಗಿಲ್ಲ.

ಸಿಇಟಿ ರಿಸಲ್ಟ್ ಬಂದ ಕೂಡಲೇ ನನಗೆ ಫೋನ್ ಶುರುವಾಗುತ್ತದೆ, "ಸಿಎಸ್ ಹಾಕ್ಲಾ ಬೇಡ್ವಾ ಮೇಡಂ?" ಅಂತ. ಹಾಕಿ, ಮಗುವಿಗೆ ಇಷ್ಟ ಇದ್ದರೆ. ಆದರೆ ಕಾಲೇಜಿಗೆ ಹೋದಾಗ ಬಿಲ್ಡಿಂಗ್ ನೋಡಿ ಬರಬೇಡಿ. ಲ್ಯಾಬ್ ಪರೀಕ್ಷೆ ಇಂಟರ್ನೆಟ್ ಇಲ್ಲದೆ ನಡೆಯುತ್ತಾ ಅಂತ ಕೇಳಿ. ಫೈನಲ್ ಇಯರ್ ಪ್ರಾಜೆಕ್ಟನ್ನು ಯಾರು, ಎಷ್ಟು ಸಲ ನೋಡುತ್ತಾರೆ ಅಂತ ಕೇಳಿ. ಪ್ಲೇಸ್‌ಮೆಂಟ್ ವಿಷಯ ಬಂದಾಗ ಎಷ್ಟು ಆಫರ್ ಅಂತ ಕೇಳಬೇಡಿ, ಹೋದ ವರ್ಷದವರಲ್ಲಿ ಎಷ್ಟು ಜನ ಕೆಲಸಕ್ಕೆ ಸೇರಿದ್ದಾರೆ ಅಂತ ಕೇಳಿ. ಒಬ್ಬನಿಗೇ ಮೂರು ಆಫರ್ ಬಂದರೆ ಗೇಟಿನ ಫ್ಲೆಕ್ಸಿನಲ್ಲಿ ಮೂರು ಅಂತಲೇ ಬರೆದಿರುತ್ತಾರೆ.